ನಾಲ್ಕನೆಯವನ ಜಾಗ

ಅಂಧೇರಿಯಿಂದ ಚರ್ಚ್‌ಗೇಟಿಗೆ ನಿತ್ಯ ಲೋಕಲಿನಲ್ಲಿ ಹೋಗಿಬರುವ ವಾಚಕರಿಗೆ ಒಂದು ಕಟ್ಟಳೆ ಚೆನ್ನಾಗಿ ಗೊತ್ತು. ಮೂವರ ಆಸನಕ್ಕೆ ನಾಲ್ಕನೆಯವನು ಬಂದರೆ ಕುಳಿತವರು ತುಸು ಸರಿಯಬೇಕು. ರೈಲ್ವೆಯವರು ವಿಧಿಸಿದ್ದಲ್ಲ; ಆದರೂ ಸರಿಯದವನನ್ನು ಡಬ್ಬಿಯೆಲ್ಲ ದುರುಗುಟ್ಟಿ ನೋಡುತ್ತದೆ. ಯಾರೂ ಹೇರದ ಕಟ್ಟಳೆಗೆ ನಾವೇಕೆ ತಲೆಬಾಗಬೇಕು? ಒಪ್ಪದವನ ಗತಿಯೇನು?

ಗಣಕಲೋಕದ ಲಿನಕ್ಸ್‌ನಲ್ಲಿಯೂ ಈ ಪ್ರಶ್ನೆ ಎದ್ದದ್ದುಂಟು. ಅದರ ತಿರುಳು ಒಂದೇ. ಬೇಕಾದ ತಂತ್ರಾಂಶಗಳನ್ನು ಅದಕ್ಕೆ ಜೋಡಿಸಿ ಹಂಚುವ ಬಳಗಗಳು ಡೆಬಿಯನ್, ಫೆಡೋರಾ ಮೊದಲಾಗಿ ಹಲವು. ಒಂದರ ಮೇಲೆ ಇನ್ನೊಂದಕ್ಕೆ ಅಧಿಕಾರವಿಲ್ಲ. ಹಿಂದೆ ಒಂದೊಂದು ಬಳಗವೂ ತನ್ನ ಹೆಸರು, ಆವೃತ್ತಿಗಳನ್ನು ಬೇರೆಬೇರೆ ಹೆಸರಿನ ಕಡತದಲ್ಲಿ ಬರೆದಿಡುತ್ತಿತ್ತು. 2012ರ ಸುಮಾರಿಗೆ ಸಿಸ್ಟಮ್‌ಡಿ ಎಂಬ ತಂತ್ರಾಂಶದ ಕರ್ತೃಗಳು ‘ಓಎಸ್-ರಿಲೀಸ್’ ಎಂಬ ಒಂದೇ ಕಡತ ಸಾಕೆಂದರು. ಹೆಚ್ಚುಕಡಿಮೆ ಎಲ್ಲರೂ ಸರಿದು ಜಾಗ ಕೊಟ್ಟರು.

ಆದರೆ ಗಣಕ ಚಾಲೂ ಆದೊಡನೆ ಉಳಿದ ಸೇವೆಗಳನ್ನೆಲ್ಲ ಎಬ್ಬಿಸುವ ಯಜಮಾನಿಕೆಯನ್ನೂ ಸಿಸ್ಟಮ್‌ಡಿಗೇ ಕೊಡಬೇಕೆ ಎಂದಾಗ ಸಂಗತಿ ಬಿಗಡಾಯಿಸಿತು. 2014ರ ಫೆಬ್ರವರಿಯಲ್ಲಿ ಡೆಬಿಯನ್ನಿನ ತಾಂತ್ರಿಕ ಸಮಿತಿ ಸಮಸಮನಾಗಿ ಒಡೆದು, ಅಧ್ಯಕ್ಷರ ನಿರ್ಣಾಯಕ ಮತದಿಂದ ಸಿಸ್ಟಮ್‌ಡಿ ಗೆದ್ದಿತು. ಡೆಬಿಯನ್ನನ್ನು ಆಧರಿಸಿದ ಉಬುಂಟು ಅದೇ ದಾರಿ ಹಿಡಿಯಿತು. ಕಟ್ಟಳೆ ಹರಡುವುದೇ ಹೀಗೆ. ಮೂಲದಲ್ಲಿ ಕೂಡಿಸಿದ್ದು ಕೆಳಗಿನವರಿಗೆ ತಾನಾಗಿ ಬರುತ್ತದೆ. ಮೊದಲೇ ಆರಿಸಿಟ್ಟದ್ದನ್ನು ಬದಲಿಸುವ ಗೋಜಿಗೆ ಹೋಗುವವರು ವಿರಳ. ಇದಕ್ಕೆ ಒಪ್ಪಿಗೆ ಎನ್ನೋಣವೋ, ಉದಾಸೀನ ಎನ್ನೋಣವೋ?

ಒಪ್ಪದವರು ಅದೇ ವರ್ಷ ಸಿಡಿದು ಡೆವುವನ್ ಎಂಬ ಹೊಸ ಬಳಗ ಕಟ್ಟಿದರು. ಅವರನ್ನು ಹಟಮಾರಿಗಳೆಂದು ಜರೆಯಲು ನಮಗೆ ಬಾಯಿಲ್ಲ. ಸರಿಯದೆ ಕುಳಿತ ಹಿರಿಯರೊಬ್ಬರ ಮೇಲೆ ಒಮ್ಮೆ ನಾವೂ ರೇಗಿದ್ದೆವು. ಬಾಂದ್ರಾದಲ್ಲಿ ಇಳಿಯಲು ಅವರು ಎದ್ದಾಗ ನೋಡುತ್ತೇವೆ, ಮೊಳಕಾಲು ಮಡಚುತ್ತಿರಲಿಲ್ಲ.

ಕನ್ನಡದ ಕೀಲಿಮಣೆಯ ವಿಷಯದಲ್ಲಿ ಇಂಥ ಜಗಳಕ್ಕೆ ಒಂದು ಹಾದಿ ಸಿಕ್ಕಿದೆ. ಲಿನಕ್ಸ್‌ನಲ್ಲಿ ಸರ್ಕಾರಿ ಇನ್‌ಸ್ಕ್ರಿಪ್ಟ್ ಇದೆ; ಒಂದು ಕಾಲಕ್ಕೆ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ದುಡಿದ ಕೆ. ಪಿ. ರಾಯರ ವಿನ್ಯಾಸವನ್ನು ಆಧರಿಸಿದ ‘ಕಗಪ’ವೂ ಇದೆ. ಎರಡರ ಅಡಿಯಲ್ಲಿಯೂ ಇರುವುದು ಯೂನಿಕೋಡ್ ಸಂಕೇತ. ನಮ್ಮ ಗೆಳೆಯರಲ್ಲಿ ಕೆಲವರು ‘ಮ’ ಬರೆಯಲು ‘ಸಿ’ ಕೀಲಿ ಒತ್ತುತ್ತಾರೆ, ಕೆಲವರು ‘ಎಮ್’. ಲೇಖನ ಕೈಗೆ ಬಂದಾಗ ಯಾರು ಯಾವುದನ್ನು ಒತ್ತಿದರೆಂದು ನಮಗೆ ತಿಳಿಯುವುದೂ ಇಲ್ಲ, ತಿಳಿಯಬೇಕಾಗಿಯೂ ಇಲ್ಲ.