ನಮ್ಮ ಹುಡುಗ ಅಂದರೆ ಯಾರ ಹುಡುಗ?



2024ರ ನವೆಂಬರ್ 24 ಮತ್ತು 25ರಂದು ಸೌದಿಯ ಜೆಡ್ಡಾದಲ್ಲಿ ಐಪಿಎಲ್ ಹರಾಜು ನಡೆಯಿತು. ಆ ವಾರ ಹೊಳೆನರಸೀಪುರದ ಬಸ್ ಸ್ಟ್ಯಾಂಡಿನಿಂದ ಚನ್ನರಾಯಪಟ್ಟಣದ ಟೀ ಅಂಗಡಿಗಳವರೆಗೆ ಒಂದೇ ಮಾತು. ನಮ್ಮ ರಾಹುಲ್‌ಗೆ ಆರ್‌ಸಿಬಿಯವರು ಸ್ವಲ್ಪ ದೂರ ಕೂಗಿ ಸುಮ್ಮನಾದರು, ಡೆಲ್ಲಿಯವರು 14 ಕೋಟಿಗೆ ಕರೆದುಕೊಂಡು ಹೋದರು. ಏಳು ವರ್ಷ ಇಲ್ಲೇ ಬೆವರು ಸುರಿಸಿದ ಸಿರಾಜ್ 12.25 ಕೋಟಿಗೆ ಗುಜರಾತಿನ ಪಾಲಾದರು. ವಾಪಸ್ ಪಡೆಯಲು ಆರ್‌ಟಿಎಂ ಕಾರ್ಡ್ ಇತ್ತು, ಎತ್ತಲಿಲ್ಲ. "ನಮ್ ಹುಡುಗ್ರನ್ನೇ ಬುಟ್ಬುಟ್ರಲ್ಲ ಸಾ" ಎಂದು ನನ್ನ ತರಗತಿಯ ಹುಡುಗನೊಬ್ಬ ಕಣ್ಣು ಒರೆಸಿಕೊಂಡ. ಅವನ ಪಕ್ಕದವನು ಬೈದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ.

ಭಗವಾನರು ಉಪಾಸಕರಿಗೆ ಬೇಡವೆಂದ ಐದು ವ್ಯಾಪಾರಗಳಲ್ಲಿ ಜೀವಿಗಳ ವ್ಯಾಪಾರವೂ ಒಂದು. ಹರಾಜೂ ಅದೇ ಅಲ್ಲವೇ ಎಂದು ಕೇಳುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಇಲ್ಲಿ ಆಟಗಾರ ತಾನೇ ಹೆಸರು ಕೊಡುತ್ತಾನೆ, ತಾನೇ ಸಹಿ ಹಾಕುತ್ತಾನೆ. ಜೀತಕ್ಕಿಟ್ಟವರು ನಮ್ಮ ಹಿರಿಯರನ್ನು ಕೇಳಿ ಬೆಲೆ ಕಟ್ಟಿದ್ದರೇ? ಆದರೆ ಮಾತು ಕೆಡುತ್ತದೆ. ಯಾರೂ ಕೊಳ್ಳದ ಬೌಲರ್ ಒಬ್ಬನನ್ನು ಮಕ್ಕಳು "ಬಿಕರಿಯಾಗದ ಮಾಲು" ಅಂದಾಗ ನಾನು ಪಾಠ ನಿಲ್ಲಿಸಿದೆ.

ದುಃಖದ ಬಗ್ಗೆ ನನ್ನ ತಕರಾರಿಲ್ಲ. ಒಬ್ಬನ ಆಟವನ್ನು ವರ್ಷಗಟ್ಟಲೆ ನೋಡಿದ ಮೇಲೆ ಅವನು ಹೋದರೆ ನೋವಾಗುತ್ತದೆ. ನಾನು ನೋಡುವುದು ಆ ಸಿಟ್ಟು ಏನನ್ನು ಕೇಳುತ್ತಿದೆ ಎಂಬುದನ್ನು. 2025ರ ಏಪ್ರಿಲ್ 2ರಂದು ಸಿರಾಜ್ ಚಿನ್ನಸ್ವಾಮಿ ಮೈದಾನದಲ್ಲೇ 19 ರನ್‌ಗೆ ಮೂರು ವಿಕೆಟ್ ಕಿತ್ತರು, 10ರಂದು ರಾಹುಲ್ ಔಟಾಗದೆ 93 ಹೊಡೆದರು. ಆಗ ಆಡಳಿತದವರು ಮೂರ್ಖರು. ಜೂನ್ 3ರಂದು ಕಪ್ ಬಂತು, ಅದೇ ಬಾಯಿಗಳಲ್ಲಿ ಅದೇ ಆಡಳಿತದವರು ಮೇಧಾವಿಗಳು. ರಾಹುಲ್‌ಗೆ, ಸಿರಾಜ್‌ಗೆ ಅನ್ಯಾಯವಾಗಿದ್ದರೆ ಕಪ್ ಬಂದ ಮಾತ್ರಕ್ಕೆ ಅದು ಅಳಿಸಿಹೋಗುತ್ತದೆಯೇ? ಅವರ ಪರವಾಗಿ ಎಂದುಕೊಂಡ ಸಿಟ್ಟು ನಮ್ಮ ಗೆಲುವಿನ ಪರವಾಗಿತ್ತು. "ನನ್ನದು" ಎಂಬ ಹಿಡಿತ ಎಷ್ಟು ನಯವಾಗಿ ಪ್ರೀತಿಯ ವೇಷ ಹಾಕುತ್ತದೆ ನೋಡಿ. (ಆ ತಂಡದ ಹೆಸರಿನ ಒಂದು ಭಾಗ ವಿಸ್ಕಿಯದು. ಪಂಚಶೀಲ ಹೇಳಿ ಬಂದು ಅದೇ ಹೆಸರಿನ ಜರ್ಸಿ ತೊಡುವ ನಮ್ಮ ಹುಡುಗರಿಗೆ ಇದನ್ನೂ ಹೇಳಬೇಕು.)

ಬೇರೆ ಬಗೆಯ ಸಿಟ್ಟೂ ಇದೆ. ಪಾಲ್ವಂಕರ್ ಬಾಲೂ ಅಸ್ಪೃಶ್ಯ ಕುಟುಂಬದವರು, ಆ ಕಾಲದ ಭಾರತದ ದೊಡ್ಡ ಸ್ಪಿನ್ನರ್. 1911ರ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ಪಡೆದವರು. ಪುಣೆಯಲ್ಲಿ ಆಡುವಾಗ ಅವರಿಗೆ ಚಹಾ ಹೊರಗೆ, ಮಣ್ಣಿನ ಕುಡಿಕೆಯಲ್ಲಿ. ಮುಂದೆ 1937ರ ಚುನಾವಣೆಯಲ್ಲಿ ಅವರು ಬಾಬಾಸಾಹೇಬರ ಎದುರು ನಿಂತು ಸೋತರು ಎಂಬುದು ಬೇರೆ ಮಾತು. 1920ರ ಬಾಂಬೆ ಕ್ವಾಡ್ರಾಂಗ್ಯುಲರ್ ಟೂರ್ನಿಯಲ್ಲಿ ಹಿಂದೂ ತಂಡ ಬಾಲೂ ಅವರನ್ನು ಕೈಬಿಟ್ಟಿತು. ನಾಯಕ ಪೈ ಗೈರಾಗಿದ್ದಾಗ ಹಿರಿಯನಾದ ತಮ್ಮ ವಿಠ್ಠಲನನ್ನು ಬದಿಗಿಟ್ಟು ದೇವಧರ್‌ಗೆ ನಾಯಕತ್ವ ಕೊಟ್ಟಿತು. ವಿಠ್ಠಲ್ ಮತ್ತು ಶಿವರಾಂ ತಂಡದಿಂದ ಹೊರನಡೆದರು, ಕಾರಣವನ್ನು ಬಹಿರಂಗವಾಗಿಯೇ ಹೇಳಿದರು: ಜಾತಿ. ಜನರಲ್ಲಿ ಅವರ ಪರ ದನಿ ಎದ್ದಿತು. ಆ ಜನ ಕೇಳಿದ್ದು ಕಪ್ ತರುವವರು ಯಾರು ಎಂದಲ್ಲ, ಇವರನ್ನು ಯಾಕೆ ಕೂರಿಸಿದಿರಿ ಎಂದು. ಫೈನಲ್‌ಗೆ ಸೋದರರು ಮರಳಿದರು, ಬಾಲೂ ಉಪನಾಯಕರಾದರು. 1923ರಲ್ಲಿ ವಿಠ್ಠಲ್ ಅದೇ ತಂಡದ ನಾಯಕ.