ಎಣಿಕೆಗೆ ಸಿಕ್ಕ ಋಣ

ದಾಮೋದರ ಧರ್ಮಾನಂದ ಕೊಸಾಂಬಿಯವರ ಬರಹಗಳ ಪಟ್ಟಿ ನೋಡಿದರೆ ಇದೆಲ್ಲ ಒಬ್ಬರೇ ಬರೆದದ್ದೇ ಎಂಬ ಅನುಮಾನ ಬರುತ್ತದೆ. 1944ರಲ್ಲಿ ತಳಿವಿಜ್ಞಾನದ ಕುರಿತು ನಾಲ್ಕೇ ಪುಟದ ಲೇಖನ. 1948ರಲ್ಲಿ ಭರ್ತೃಹರಿಯ ಸುಭಾಷಿತಗಳ ಗ್ರಂಥಸಂಪಾದನೆ. 1956ರಲ್ಲಿ ಭಾರತದ ಇತಿಹಾಸವನ್ನು ಓದುವ ಬಗೆಯನ್ನೇ ಬದಲಿಸಿದ ಪುಸ್ತಕ. ನಡುನಡುವೆ ಗಣಿತ, ಹಳೆಯ ನಾಣ್ಯಗಳನ್ನು ತೂಗಿ, ಅವು ಸವೆದ ಪ್ರಮಾಣದಿಂದ ಕಾಲವನ್ನು ಊಹಿಸುವ ಲೆಕ್ಕ. ತಳಿವಿಜ್ಞಾನದವರು ಇಂದಿಗೂ ವಂಶವಾಹಿಗಳ ನಡುವಿನ ದೂರ ಅಳೆಯಲು 'ಕೊಸಾಂಬಿ ಸೂತ್ರ' ಬಳಸುತ್ತಾರೆ. ಅವರಲ್ಲಿ ಎಷ್ಟೋ ಜನರಿಗೆ ಇತಿಹಾಸಕಾರ ಕೊಸಾಂಬಿ ಗೊತ್ತಿರಲಾರರು. ಇತಿಹಾಸದವರಿಗೆ ಆ ಸೂತ್ರವೂ ಅಷ್ಟೇ.

ಇಂಥವರನ್ನು ಒಂದು ಅಂಕಿಯಲ್ಲಿ ಹಿಡಿಯುವುದು ಹೇಗೆ? 2005ರಲ್ಲಿ ಹಾರ್ಹೆ ಹಿರ್ಷ್ ಎಂಬ ಭೌತವಿಜ್ಞಾನಿ ಎಚ್-ಇಂಡೆಕ್ಸ್ ಎಂಬ ಅಳತೆಗೋಲು ಕೊಟ್ಟರು. ನಿಮ್ಮ ಹತ್ತು ಲೇಖನಗಳನ್ನು ಬೇರೆಯವರು ತಲಾ ಹತ್ತು ಸಲವಾದರೂ ಉಲ್ಲೇಖಿಸಿದ್ದರೆ ನಿಮ್ಮ ಅಂಕಿ ಹತ್ತು. ಸರಳ ಲೆಕ್ಕ. ಆದರೆ ಒಂದು ಶಿಸ್ತಿನ ಹತ್ತು ಇನ್ನೊಂದರ ಹತ್ತಲ್ಲ. ಜೀವವಿಜ್ಞಾನದಲ್ಲಿ ಉಲ್ಲೇಖಗಳು ಮಳೆಯಂತೆ ಸುರಿಯುತ್ತವೆ, ಗಣಿತದಲ್ಲಿ ಹನಿಯುತ್ತವೆ. ಕನ್ನಡದಲ್ಲಿ ಬರೆದ ಸಂಶೋಧನೆಯ ಬಹುಪಾಲು ಆ ಮಳೆಮಾಪಕದೊಳಗೆ ಬೀಳುವುದೇ ಇಲ್ಲ. ಒಂದೇ ಶಿಸ್ತಿನೊಳಗೂ ಅಂಕಿ ವಿಚಿತ್ರವಾಗಿ ನಡೆದುಕೊಳ್ಳುತ್ತದೆ. 'ನೇಚರ್' ಪತ್ರಿಕೆ 2014ರಲ್ಲಿ ಅತಿ ಹೆಚ್ಚು ಉಲ್ಲೇಖಗೊಂಡ ನೂರು ಲೇಖನಗಳನ್ನು ಪಟ್ಟಿ ಮಾಡಿದಾಗ ಮೊದಲ ಸ್ಥಾನದಲ್ಲಿದ್ದದ್ದು ಪ್ರೋಟೀನಿನ ಪ್ರಮಾಣ ಅಳೆಯುವ ವಿಧಾನವೊಂದನ್ನು ಹೇಳುವ 1951ರ ಲೇಖನ. ಮೂರು ಲಕ್ಷಕ್ಕೂ ಹೆಚ್ಚು ಉಲ್ಲೇಖ. ಡಿಎನ್‌ಎಯ ರಚನೆಯನ್ನು ಬಿಡಿಸಿಟ್ಟ 1953ರ ಲೇಖನ ಆ ನೂರರಲ್ಲಿ ಇರಲೇ ಇಲ್ಲ. ದಿನಬಳಕೆಯ ಉಪಕರಣದ ಹೆಸರನ್ನು ಪ್ರತಿ ಸಲವೂ ಹೇಳುತ್ತೇವೆ. ಎಲ್ಲರ ತಿಳಿವಳಿಕೆಯೇ ಆಗಿಹೋದ ಸತ್ಯಕ್ಕೆ ಯಾರೂ ಅಡಿಟಿಪ್ಪಣಿ ಹಾಕುವುದಿಲ್ಲ.

ಹಾಗೆಂದು ಅಂಕಿಯನ್ನು ಬೈದು ಮುಗಿಸುವ ಹಾಗಿಲ್ಲ. ನಾನು ಪಿಎಚ್‌.ಡಿ. ಮುಗಿಸುವ ಹಂತದಲ್ಲಿದ್ದೇನೆ, ಮುಂದೆ ಕೆಲಸ ಹುಡುಕಬೇಕು. ನನ್ನ ಪರವಾಗಿ ಫೋನ್ ಮಾಡಿ ಒಂದು ಮಾತು ಹೇಳುವ ದೊಡ್ಡವರು ಯಾರೂ ಇಲ್ಲ. ಅಂಕಿಗೆ ಜಾತಿ ಗೊತ್ತಿಲ್ಲ, ಊರು ಗೊತ್ತಿಲ್ಲ, ಯಾರ ಶಿಷ್ಯ ಎಂಬುದೂ ಗೊತ್ತಿಲ್ಲ. ಶಿಫಾರಸಿಲ್ಲದವನ ಕೈಯಲ್ಲಿ ಅದೂ ಒಂದು ಊರುಗೋಲು. ಹಿರಿಯರು 'ಗುಣ ಮುಖ್ಯ, ಸಂಖ್ಯೆಯಲ್ಲ' ಎಂದಾಗ ನನಗೆ ಮೊದಲು ಏಳುವ ಪ್ರಶ್ನೆ: ಆ ಗುಣವನ್ನು ತೀರ್ಮಾನಿಸುವವರು ಯಾರು, ಯಾವ ಕೋಣೆಯಲ್ಲಿ ಕೂತು?

ಹಾಗಿದ್ದೂ ನನ್ನನ್ನು ಕಾಡುವುದು ಬೇರೆ ವಿಷಯ. ಉಲ್ಲೇಖವೆಂದರೆ ಮೂಲತಃ ಋಣವನ್ನು ಒಪ್ಪಿಕೊಳ್ಳುವುದು: ಇದು ನನ್ನದಲ್ಲ, ಇಂಥವರಿಂದ ಪಡೆದೆ ಎಂದು ನಾಲ್ಕು ಜನರೆದುರು ಹೇಳುವುದು. ಆ ಒಪ್ಪಿಗೆಯನ್ನು ಎಣಿಸತೊಡಗಿದ ದಿನ ಅದು ಪಡೆದವನ ಋಣವಾಗಿ ಉಳಿಯಲಿಲ್ಲ, ಕೊಟ್ಟವನ ಆಸ್ತಿಯಾಯಿತು. ಆಸ್ತಿ ಎಂದಮೇಲೆ ವ್ಯವಹಾರವೂ ಬಂತು. ನೀನು ನನ್ನನ್ನು ಉಲ್ಲೇಖಿಸು, ನಾನು ನಿನ್ನನ್ನು. ಮದುವೆಮನೆಯ ಮುಯ್ಯಿಯ ಹಾಗೆ. ಕೊಟ್ಟವರನ್ನು ಬಿಟ್ಟು, ಮುಂದೆ ಕೊಡಬಲ್ಲವರನ್ನು ನೆನೆಯುತ್ತೇವೆ.

ನನ್ನ ವಿಷಯ ಶಾಸನಗಳಲ್ಲಿ ಬರುವ ಕೆರೆ ನೀರಾವರಿಯ ಪದಗಳು. ಬಿ.ಎಲ್. ರೈಸ್ ಅವರ 'ಎಪಿಗ್ರಾಫಿಯಾ ಕರ್ನಾಟಿಕಾ' ಇಲ್ಲದೆ ನಾನು ಒಂದು ಹೆಜ್ಜೆಯನ್ನೂ ಇಡಲಾರೆ. 1894ರ ಕಿಟ್ಟೆಲ್ ನಿಘಂಟನ್ನು ದಿನಕ್ಕೆ ಹತ್ತು ಸಲ ತೆರೆಯುತ್ತೇನೆ. ನಿಘಂಟನ್ನು ಉಲ್ಲೇಖಿಸುವವರು ಎಷ್ಟು ಜನ? ಕಿಟ್ಟೆಲ್ ಅವರ ಹೆಸರಾದರೂ ರಟ್ಟಿನ ಮೇಲಿದೆ. ತೂಬಿನ ಬಗ್ಗೆ ಒಂದು ಶಾಸನದ ಸಾಲು ತಿಂಗಳುಗಟ್ಟಲೆ ಅರ್ಥವಾಗದೆ ಕೂತಿತ್ತು. ಅದನ್ನು ಬಿಡಿಸಿದವರು ಒಬ್ಬ ವಯಸ್ಸಾದ ನೀರುಗಂಟಿ. ಯಾವ ಗದ್ದೆಗೆ ಯಾವಾಗ ಎಷ್ಟು ನೀರು ಎಂದು ಬದುಕಿಡೀ ಹಂಚಿದ ಮನುಷ್ಯ. ಅವರು ಕೈಯಲ್ಲಿ ತೋರಿಸಿದ್ದು ಎರಡು ನಿಮಿಷ. ನನ್ನ ಪ್ರಬಂಧದ ಒಂದು ಅಧ್ಯಾಯ ಅದರ ಮೇಲೆ ನಿಂತಿದೆ. ರೂಢಿಯ ಪ್ರಕಾರ ಅವರು 'ಕ್ಷೇತ್ರಕಾರ್ಯದ ಮಾಹಿತಿದಾರರು' ಎಂಬ ಪದದೊಳಗೆ ಕರಗಿಹೋಗಬೇಕು.

ಸ್ವತಃ ಹಿರ್ಷ್ ಅವರೇ 2020ರಲ್ಲಿ, ತಾವು ಕೊಟ್ಟ ಅಳತೆಗೋಲಿನಿಂದ ಬಯಸದ ಕೆಡುಕುಗಳೂ ಆಗಬಹುದೆಂದು ಬರೆದರು. ಅಳತೆಗೋಲು ಇನ್ನೂ ಚಲಾವಣೆಯಲ್ಲಿದೆ. ಅರ್ಜಿಯಲ್ಲಿ ಅಂಕಿ ಕೇಳಿದರೆ ನಾನೂ ತುಂಬುತ್ತೇನೆ, ಹೊಟ್ಟೆಪಾಡು. ಆದರೆ ನನ್ನ ಅಡಿಟಿಪ್ಪಣಿಗಳನ್ನು ಬರೆಯುವಾಗ ಯಾರೂ ನನ್ನ ಕೈ ಹಿಡಿದಿಲ್ಲ. ಅಲ್ಲಿ ನಾನು ಓದದ ಯಾವ ಲೇಖನವೂ ಬರಬಾರದು, ಕೇಳಿ ಕಲಿತದ್ದು ಯಾವುದೂ ತಪ್ಪಿಹೋಗಬಾರದು. ಒಪ್ಪಿಗೆ ಕೇಳಿದ್ದೇನೆ, ಆ ನೀರುಗಂಟಿಯ ಹೆಸರು ಊರಿನ ಸಮೇತ ಅಧ್ಯಾಯದ ಮೊದಲ ಟಿಪ್ಪಣಿಯಲ್ಲಿ ಬರುತ್ತದೆ. ಅದರಿಂದ ಅವರ ಎಣಿಕೆಯೂ ಏರುವುದಿಲ್ಲ, ನನ್ನದೂ ಏರುವುದಿಲ್ಲ. ನನ್ನ ಪ್ರಬಂಧ ಓದುವ ಯಾರಿಗಾದರೂ ಅನುಮಾನ ಬಂದರೆ, ಹೋಗಿ ಕೇಳಲು ಒಂದು ಊರು ಇರುತ್ತದೆ, ಒಬ್ಬ ಮನುಷ್ಯ ಇರುತ್ತಾರೆ.