ಆಯುಷ್ಯವನ್ನು ಅಳೆಯುವ ಬಗೆ

ಅಕಾಲದಲ್ಲಿ ಅಗಲಿದವರ ಅಂತ್ಯಸಂಸ್ಕಾರ ಮುಗಿಸಿ ಬಂದವರ ಬಾಯಲ್ಲಿ ಒಂದೇ ಮಾತು: ‘ಇನ್ನೂ ಬಾಳಿ ಬದುಕಬೇಕಾದ ಜೀವ.’ ಅದೇ ಬೀದಿಯ ಇನ್ನೊಂದು ಮನೆಯಲ್ಲಿ ಹಾಸಿಗೆ ಹಿಡಿದ ಅಜ್ಜಿ, ‘ನಾನೇಕೆ ಇನ್ನೂ ಇದ್ದೇನೆ?’ ಎನ್ನುತ್ತಾರೆ. ಬಾಳಿನ ಬೆಲೆಯನ್ನು ವರ್ಷಗಳ ಎಣಿಕೆಯಿಂದ ಕಟ್ಟಬಹುದೇ?

ರೈಲು ನಿಲ್ದಾಣದ ದೀಪಗಳ ಮಗ್ಗುಲಲ್ಲಿರುವ ಓಕಳಿಪುರಂನಲ್ಲಿ ಕಾಣುವ ನಕ್ಷತ್ರಗಳು ಕೆಲವೇ. ಆದರೂ ಫೆಬ್ರವರಿಯ ಸಂಜೆ ಮಹಡಿಯೇರಿದರೆ ಕೆಂಪಗೆ ಹೊಳೆಯುವ ಆರಿದ್ರಾ ಕಣ್ಣಿಗೆ ಬೀಳುತ್ತದೆ. ನಮ್ಮ ರೈತರ ಆರಿದ್ರಾ ಮಳೆಗೆ ಹೆಸರು ಕೊಟ್ಟ ನಕ್ಷತ್ರವಿದು. ಸೂರ್ಯನ ಹತ್ತು ಪಟ್ಟಿಗೂ ಮಿಕ್ಕಿ ಭಾರವಾದ ಇದರ ವಯಸ್ಸು ಸುಮಾರು 1 ಕೋಟಿ ವರ್ಷವೆಂದು ಅಂದಾಜು. ಆಗಲೇ ಅದಕ್ಕೆ ಮುಪ್ಪು. 460 ಕೋಟಿ ವರ್ಷ ಕಂಡ ಸೂರ್ಯನಾದರೋ ಇನ್ನೂ ನಡುವಯಸ್ಸಿನವನು. ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಸಮೀಪವಾದ ಪ್ರಾಕ್ಸಿಮಾ ಸೆಂಟಾರಿ ಬರಿಗಣ್ಣಿಗೆ ಕಾಣದ ಕೆಂಪು ಕುಬ್ಜ. ಅಂಥವು ಲಕ್ಷ ಕೋಟಿ ವರ್ಷಗಳನ್ನೂ ಮೀರಿ ಬಾಳಬಲ್ಲವು. ವಿಶ್ವದ ವಯಸ್ಸೇ 1380 ಕೋಟಿ ವರ್ಷವಾದ್ದರಿಂದ ಅವುಗಳಲ್ಲಿ ಒಂದೂ ಇನ್ನೂ ಮುಪ್ಪಿನಿಂದ ಆರಿಲ್ಲ.

ಇಂಧನ ಹೆಚ್ಚಿರುವ ತಾರೆಯೇ ಬೇಗ ಮುಗಿಯುವುದು ಸೋಜಿಗ. ಭಾರ ಹೆಚ್ಚಿದಷ್ಟೂ ಅದರ ಗರ್ಭದ ತಾಪವೇರಿ ಜಲಜನಕ ಅತಿ ವೇಗವಾಗಿ ವ್ಯಯವಾಗುತ್ತದೆ. ಕೊನೆಗೆ ತಾರೆ ಸಿಡಿದು, ತನ್ನೊಳಗೆ ರೂಪಿಸಿದ್ದನ್ನು ಆಕಾಶಕ್ಕೆ ಚೆಲ್ಲುತ್ತದೆ. 2023ರಲ್ಲಿ 2 ಕೋಟಿ ಜ್ಯೋತಿರ್ವರ್ಷಗಳಾಚೆ ಕಾಣಿಸಿದ ಅಂಥದೊಂದು ಸ್ಫೋಟವನ್ನು ಲಡಾಖಿನ ಹಾನ್ಲೆಯ ದೂರದರ್ಶಕ ಗಮನಿಸಿತು. ಅದನ್ನು ನಡೆಸುವ ಕೇಂದ್ರವಿರುವುದು ನಮ್ಮ ಹೊಸಕೋಟೆಯಲ್ಲಿ. ನಾವು ಉಸಿರಾಡುವ ಆಮ್ಲಜನಕದ ಬಹುಪಾಲು ಇಂಥ ಅಲ್ಪಾಯುಷಿ ತಾರೆಗಳ ಕೊಡುಗೆಯೇ.

ಹಾಗೆಂದು ಬೇಗ ಉರಿದುಹೋಗುವುದೇ ಶ್ರೇಷ್ಠವೆನ್ನಲಾಗದು. ಭೂಮಿಯಲ್ಲಿ ಜೀವ ಅರಳಿದ್ದು, ಸೂರ್ಯ ಆತುರವಿಲ್ಲದೆ ಕೋಟ್ಯಂತರ ವರ್ಷ ಬೆಳಗಿದ್ದರಿಂದ. ಸಿಡಿದ ತಾರೆ ಕೊಟ್ಟದ್ದನ್ನು ಬಾಳಿದ ತಾರೆ ಕಾಯ್ದು ಬೆಳೆಸಿತು.

ಈ ಹೋಲಿಕೆಗೂ ಮಿತಿಯುಂಟು. ನಕ್ಷತ್ರಕ್ಕೆ ತಾಯಿಯಿಲ್ಲ. ಮಗನನ್ನು ಕಳೆದುಕೊಂಡವಳಿಗೆ ‘ಅವನ ಬಾಳು ಸಾರ್ಥಕವಾಯಿತು’ ಎಂದು ಹೇಳಲು ನಕ್ಷತ್ರಗಳನ್ನು ಸಾಕ್ಷಿಗೆ ಕರೆಯಬಾರದು. ಬದುಕಿದ್ದರೆ ಅವನು ಇನ್ನೂ ಏನೇನು ಕೊಡುತ್ತಿದ್ದನೋ; ಆ ನಷ್ಟ ನಿಜವಾದುದು, ಆಕೆಯ ಕಣ್ಣೀರು ನ್ಯಾಯವಾದುದು. ಆದರೆ ಮುಂದೆ ಸಿಗಬೇಕಾದುದು ಸಿಗಲಿಲ್ಲವೆಂಬ ಮಾತ್ರಕ್ಕೆ ಈಗಾಗಲೇ ಕೊಟ್ಟದ್ದು ಇಲ್ಲವಾಗುವುದಿಲ್ಲ.

ತಾರೆಯ ಆಯುಷ್ಯ ಹುಟ್ಟುವಾಗಲೇ ಅದರ ಭಾರದಿಂದ ಬಹುಮಟ್ಟಿಗೆ ನಿಶ್ಚಿತ; ಕೊಡುವುದೂ ಅದರ ಆಯ್ಕೆಯಲ್ಲ. ನಮಗೆಷ್ಟು ಆಯುಷ್ಯವೆಂದು ನಾವರಿಯೆವು. ಕೊಡುವುದು ಮಾತ್ರ ನಮ್ಮ ಕೈಯಲ್ಲಿದೆ. ಆದುದರಿಂದ ಅಗಲಿದವರ ವರ್ಷಗಳನ್ನು ಎಣಿಸುವ ಬದಲು ಅವರು ಅರ್ಧಕ್ಕೆ ಬಿಟ್ಟ ಒಳ್ಳೆಯ ಕೆಲಸವೊಂದನ್ನು ಮುಂದುವರಿಸೋಣ. ಮೂಲೆಯ ಮಂಚದ ಅಜ್ಜಿಯ ಬಳಿ ದಿನವೂ ಕೆಲಹೊತ್ತು ಕುಳಿತುಕೊಳ್ಳೋಣ.